ಖಾಸಗಿ ಚಿತ್ರ ಒಪ್ಪಿಗೆಯಿಲ್ಲದೆ ಹರಡಿದಾಗ: ಮೊದಲ ಗಂಟೆಯಿಂದ ದೂರಿನವರೆಗೆ

ರಾತ್ರಿ ಹನ್ನೊಂದರ ಹೊತ್ತಿಗೆ ಗೆಳತಿಯೊಬ್ಬಳು ಒಂದು ಲಿಂಕ್ ಕಳಿಸುತ್ತಾಳೆ. ಅದರ ಕೆಳಗೆ ಎರಡೇ ಪದ: ‘ಇದು ನೀನೇನಾ?’ ತೆರೆದು ನೋಡಿದವಳ ಕೈ ತಣ್ಣಗಾಗುತ್ತದೆ. ಎರಡು ವರ್ಷದ ಹಿಂದೆ ಒಬ್ಬನೇ ಒಬ್ಬನನ್ನು ನಂಬಿ ಕಳಿಸಿದ್ದ ಚಿತ್ರ ಈಗ ಅಪರಿಚಿತ ಖಾತೆಯೊಂದರಲ್ಲಿ ಅವಳ ಹೆಸರು ಮತ್ತು ಕಾಲೇಜಿನ ಹೆಸರಿನೊಂದಿಗೆ ನಿಂತಿರುತ್ತದೆ. ಆ ಹತ್ತು ನಿಮಿಷಗಳಲ್ಲಿ ಎಷ್ಟೋ ಜನ ಮಾಡುವ ಕೆಲಸ ಒಂದೇ ಬಗೆಯದು: ಅವನ ಜೊತೆಗಿನ ಹಳೆಯ ಮಾತುಕತೆಯನ್ನೆಲ್ಲ ಅಳಿಸುವುದು, ತನ್ನ ಖಾತೆಯನ್ನು ಮುಚ್ಚುವುದು, ಫೋನ್ ಆರಿಸಿ ಯಾರಿಗೂ ಹೇಳದೆ ಮಲಗಿಬಿಡುವುದು. ಹೆದರಿದ ಮನಸ್ಸಿಗೆ ಇದು ಸಹಜ. ಆದರೆ ಅವನು ಮಾಡಿದ ಅಪರಾಧವನ್ನು ಸಾಬೀತುಪಡಿಸಬಲ್ಲ ವಸ್ತುಗಳೆಲ್ಲ ಆ ಹತ್ತು ನಿಮಿಷದಲ್ಲಿ ಅವಳ ಕೈಯಿಂದಲೇ ಹೋಗಿಬಿಡುತ್ತವೆ. ಈ ಲೇಖನವನ್ನು ಮೊದಲಾಗಿ ಆ ಹತ್ತು ನಿಮಿಷಕ್ಕಾಗಿ, ಅನಂತರ ಮುಂದಿನ ದಿನಗಳಿಗಾಗಿ ಬರೆದಿದ್ದೇನೆ. ಚಿತ್ರ ಹರಡಿದವರು, ಅದನ್ನು ಫಾರ್ವರ್ಡ್ ಮಾಡಿದವರು, ಮನೆಯಲ್ಲಿ ಈ ಸುದ್ದಿ ಕೇಳಿದ ಹಿರಿಯರು ಕೂಡ ಇದನ್ನು ಓದಲಿ ಎಂಬುದು ನನ್ನ ಆಸೆ.

ಹೆಜ್ಜೆಗಳಿಗೆ ಹೋಗುವ ಮೊದಲು ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ಚಿತ್ರ ತೆಗೆಯಲು ಕೊಟ್ಟ ಒಪ್ಪಿಗೆ ಬೇರೆ, ಒಬ್ಬರಿಗೆ ಕಳಿಸಲು ಇದ್ದ ಒಪ್ಪಿಗೆ ಬೇರೆ, ಮೂರನೆಯವರು ನೋಡಬಹುದೆಂಬ ಒಪ್ಪಿಗೆ ಬೇರೆ. ಮೊದಲನೆಯದನ್ನು ಕೊಟ್ಟವರು ಮೂರನೆಯದನ್ನೂ ಕೊಟ್ಟಂತೆ ಎಂಬ ವಾದ ನಮ್ಮ ನಡುವೆ ಬಹಳ ಚಾಲ್ತಿಯಲ್ಲಿದೆ, ‘ಅವಳೇ ಕಳಿಸಿದ್ದಲ್ಲವಾ’ ಎನ್ನುವ ಮಾತಿನ ಬೇರೂ ಅಲ್ಲೇ ಇದೆ. ಭಾರತದ ಕಾನೂನು ಈ ವಾದವನ್ನು ಒಪ್ಪುವುದಿಲ್ಲ. ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 77ರ ವಿವರಣೆಯಲ್ಲೇ ಇದನ್ನು ಬಿಡಿಸಿ ಬರೆಯಲಾಗಿದೆ: ಚಿತ್ರ ತೆಗೆಯುವುದಕ್ಕೆ ಮಹಿಳೆ ಒಪ್ಪಿದ್ದರೂ ಅದನ್ನು ಮೂರನೆಯವರಿಗೆ ಹಂಚುವುದಕ್ಕೆ ಒಪ್ಪಿರದಿದ್ದರೆ, ಹಂಚಿದ್ದು ಅಪರಾಧವೇ. ಈ ಸಂಗತಿಗೆ ಇಂಗ್ಲಿಷಿನಲ್ಲಿ ‘ರಿವೆಂಜ್ ಪೋರ್ನ್’ ಎಂಬ ಹೆಸರು ಬಂದಿದೆ, ನಮ್ಮ ಸುದ್ದಿಮನೆಗಳೂ ಅದನ್ನೇ ಬಳಸುತ್ತವೆ. ನನಗೆ ಆ ಹೆಸರು ಸರಿಕಾಣುವುದಿಲ್ಲ. ಸೇಡು ಎಂದ ಕೂಡಲೇ ಎದುರಿನವರು ಏನೋ ತಪ್ಪು ಮಾಡಿರಬೇಕು ಎಂಬ ಭಾವನೆ ತಾನಾಗಿ ಹುಟ್ಟುತ್ತದೆ. ಹಣಕ್ಕಾಗಿ, ಬೆದರಿಸಲಿಕ್ಕಾಗಿ, ಗೆಳೆಯರ ಮುಂದೆ ಕೊಚ್ಚಿಕೊಳ್ಳಲಿಕ್ಕಾಗಿ, ಬರೀ ಮೋಜಿಗಾಗಿ ಹಂಚುವವರೂ ಬೇಕಾದಷ್ಟು ಜನ ಇದ್ದಾರೆ.

ಮೊದಲ ಹೆಜ್ಜೆ: ಅಳಿಸಬೇಡಿ, ದಾಖಲಿಸಿ

ಚಿತ್ರ ಕಂಡ ಕೂಡಲೇ ಅದನ್ನು ತೆಗೆಸಬೇಕೆಂದು ಮನಸ್ಸು ಹಟಹಿಡಿಯುತ್ತದೆ. ಆದರೆ ರಿಪೋರ್ಟ್ ಒತ್ತುವ ಮೊದಲು ಹದಿನೈದು ನಿಮಿಷವನ್ನು ದಾಖಲೆಗಾಗಿ ಮೀಸಲಿಡಿ, ಏಕೆಂದರೆ ಪುಟ ಮಾಯವಾದ ಮೇಲೆ ಅದು ಇತ್ತು ಎಂದು ತೋರಿಸುವುದು ಕಷ್ಟ. ಒಬ್ಬರೇ ಕೂತು ಮಾಡಲಾಗದಿದ್ದರೆ ನಂಬಿಕೆಯ ಒಬ್ಬರನ್ನು ಕರೆದು, ಫೋನನ್ನು ಅವರ ಕೈಗೆ ಕೊಟ್ಟು, ಏನೇನು ಬೇಕೆಂದು ಹೇಳಿ.

ಸ್ಕ್ರೀನ್‌ಶಾಟ್‌ನಲ್ಲಿ ಚಿತ್ರದಷ್ಟೇ ಮುಖ್ಯವಾಗಿ ಅದರ ಸುತ್ತಲಿನ ವಿವರ ಬರಬೇಕು. ಬ್ರೌಸರಿನಲ್ಲಿ ತೆರೆದಿದ್ದರೆ ಮೇಲಿನ ಪಟ್ಟಿಯಲ್ಲಿರುವ ಪೂರ್ತಿ ವಿಳಾಸ ಕಾಣಬೇಕು, ಆ ವಿಳಾಸವನ್ನು ನಕಲು ಮಾಡಿ ಬೇರೆ ಕಡೆ ಬರೆದಿಡಬೇಕು. ಜಾಲತಾಣದ ಖಾತೆಯಾದರೆ ಮೇಲೆ ಕಾಣುವ ಹೆಸರು ಮತ್ತು ಫೋಟೊ ಸಾಲದು, ಅವನ್ನು ಅರೆಗಳಿಗೆಯಲ್ಲಿ ಬದಲಿಸಬಹುದು. ಖಾತೆಯ ಬಳಕೆದಾರ ಹೆಸರು ಮತ್ತು ಪ್ರೊಫೈಲಿನ ಲಿಂಕ್ ಎರಡನ್ನೂ ತೆಗೆದುಕೊಳ್ಳಿ. ವಾಟ್ಸ್ಆ್ಯಪ್ ಆದರೆ ಕಳಿಸಿದವರ ಸಂಖ್ಯೆ, ಗುಂಪಿನ ಹೆಸರು, ಸಂದೇಶ ಬಂದ ದಿನಾಂಕ ಮತ್ತು ಸಮಯ ಕಾಣುವಂತಿರಲಿ, ಇಡೀ ಮಾತುಕತೆಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ತಾನಾಗಿ ಮಾಯವಾಗುವ ಸಂದೇಶವಾದರೆ ಇನ್ನೊಂದು ಫೋನಿನಿಂದ ಪರದೆಯ ಫೋಟೊ ತೆಗೆಯಿರಿ. ಯಾವುದನ್ನೂ ಕತ್ತರಿಸಬೇಡಿ, ಮಸುಕು ಮಾಡಬೇಡಿ, ಮೇಲೆ ಬರೆಯಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರವೊಂದನ್ನು ನ್ಯಾಯಾಲಯಕ್ಕೆ ಕೊಡಬೇಕಾಗುತ್ತದೆ, ಮೂಲ ಕಡತ ಹಾಗೆಯೇ ಉಳಿದಿದ್ದರೆ ಆ ಕೆಲಸ ಸಲೀಸು.

ಜೊತೆಗೆ ಒಂದು ನೋಟ್‌ಬುಕ್ ಇಡಿ. ಯಾವಾಗ, ಯಾರ ಮೂಲಕ ಗೊತ್ತಾಯಿತು, ಮೂಲ ಚಿತ್ರ ಯಾರ ಬಳಿ ಇತ್ತು, ಹಿಂದೆ ಬೆದರಿಕೆಯ ಮಾತು ಬಂದಿತ್ತೇ ಎಂಬುದನ್ನೆಲ್ಲ ತಾರೀಕಿನೊಂದಿಗೆ ಬರೆಯಿರಿ. ಮುಂದಿನ ದಿನಗಳಲ್ಲಿ ಇದೇ ಕಥೆಯನ್ನು ಹಲವರಿಗೆ ಹಲವು ಸಲ ಹೇಳಬೇಕಾಗುತ್ತದೆ, ಹೇಳುವಾಗಲೆಲ್ಲ ಗಾಯ ಕೆದಕಿದಂತಾಗುತ್ತದೆ. ಬರೆದಿಟ್ಟ ಪುಟ ಅಷ್ಟರ ಮಟ್ಟಿಗೆ ಭಾರ ಹೊರುತ್ತದೆ.

ಎರಡನೆಯ ಹೆಜ್ಜೆ: ತೆಗೆಸುವುದು

ಪ್ರತಿ ಜಾಲತಾಣದಲ್ಲೂ ರಿಪೋರ್ಟ್ ಮಾಡುವ ವ್ಯವಸ್ಥೆ ಇದೆ. ಅಲ್ಲಿ ‘ಇಷ್ಟವಾಗಲಿಲ್ಲ’, ‘ಅಶ್ಲೀಲ’ ಎಂಬ ಸಾಮಾನ್ಯ ಕಾರಣಗಳನ್ನು ಆರಿಸುವ ಬದಲು, ಒಪ್ಪಿಗೆಯಿಲ್ಲದೆ ಹಂಚಿದ ಖಾಸಗಿ ಚಿತ್ರ ಎಂಬ ಆಯ್ಕೆಯನ್ನೇ ಹುಡುಕಿ ಒತ್ತಬೇಕು, ಏಕೆಂದರೆ ಅದರ ಪರಿಶೀಲನೆಯ ದಾರಿಯೇ ಬೇರೆ. ಇದರ ಜೊತೆಗೆ, ಭಾರತದಲ್ಲಿ ಸೇವೆ ಕೊಡುವ ಪ್ರತಿ ಜಾಲತಾಣವೂ ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕ ವಿಳಾಸವನ್ನು ಪ್ರಕಟಿಸಬೇಕೆಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಹೇಳುತ್ತವೆ. ಆ ವಿಳಾಸಕ್ಕೆ ಒಂದು ಇಮೇಲ್ ಬರೆಯಿರಿ. ಉದ್ದ ಬೇಕಿಲ್ಲ, ಇಷ್ಟು ಸಾಕು: ‘ಕೆಳಗಿನ ಲಿಂಕ್‌ಗಳಲ್ಲಿರುವ ಖಾಸಗಿ ಚಿತ್ರದಲ್ಲಿರುವವಳು ನಾನು. ಇದನ್ನು ಪ್ರಕಟಿಸಲು ನಾನು ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ನಿಯಮ 3(2)(ಬಿ) ಅಡಿಯಲ್ಲಿ ಇದನ್ನು ಕೂಡಲೇ ತೆಗೆಯಬೇಕೆಂದು ಕೋರುತ್ತೇನೆ.’ ಈ ನಿಯಮ ಬಹಳ ಬಲವಾದದ್ದು. ಖಾಸಗಿ ಅಂಗ, ಪೂರ್ಣ ಅಥವಾ ಭಾಗಶಃ ನಗ್ನತೆ, ಲೈಂಗಿಕ ಕ್ರಿಯೆ ಇರುವ ಚಿತ್ರದ ಬಗ್ಗೆ ದೂರು ಬಂದರೆ ಅದನ್ನು ತೆಗೆಯಲು 2 ಗಂಟೆ ಮೀರುವಂತಿಲ್ಲ (2026ರ ಫೆಬ್ರುವರಿಯ ತಿದ್ದುಪಡಿಗೆ ಮೊದಲು ಇದು 24 ಗಂಟೆ ಇತ್ತು). ತಿದ್ದಿ ತಯಾರಿಸಿದ ನಕಲಿ ಚಿತ್ರಗಳೂ ಇದರಲ್ಲಿ ಸೇರಿವೆ. ದೂರನ್ನು ಚಿತ್ರದಲ್ಲಿರುವವರೇ ಕೊಡಬೇಕೆಂದಿಲ್ಲ, ಅವರ ಪರವಾಗಿ ಇನ್ನೊಬ್ಬರೂ ಕೊಡಬಹುದು. ಕುಂದುಕೊರತೆ ಅಧಿಕಾರಿಯ ತೀರ್ಮಾನ ಸಮಾಧಾನ ತರದಿದ್ದರೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ 30 ದಿನದೊಳಗೆ ಆನ್‌ಲೈನ್‌ನಲ್ಲೇ ಮನವಿ ಸಲ್ಲಿಸಬಹುದು.

ತೆಗೆಸಿಬಿಟ್ಟರೆ ಸಾಕ್ಷ್ಯ ನಾಶವಾಗುವುದಿಲ್ಲವೇ ಎಂಬ ಅನುಮಾನ ನ್ಯಾಯವಾದದ್ದೇ. ಅದೇ ನಿಯಮಗಳ ಪ್ರಕಾರ ತೆಗೆದ ವಿಷಯವನ್ನು ಮತ್ತು ಅದಕ್ಕೆ ಸಂಬಂಧಿಸಿದ ದಾಖಲೆಯನ್ನು ಸಂಸ್ಥೆ 180 ದಿನ ತನಿಖೆಗಾಗಿ ಕಾಪಿಡಬೇಕು. ತೆಗೆಸುವುದಕ್ಕೆ ಹಿಂದೆಮುಂದೆ ನೋಡಬೇಕಾಗಿಲ್ಲ. ಪೊಲೀಸ್ ದೂರನ್ನು ಮಾತ್ರ ತಿಂಗಳುಗಟ್ಟಲೆ ಮುಂದೂಡಬಾರದು.

ಚಿತ್ರ ಇನ್ನೂ ಹರಡಿಲ್ಲ ಆದರೆ ಹರಡುವ ಭಯವಿದೆ ಎನ್ನುವವರಿಗೂ ಒಂದು ದಾರಿಯಿದೆ. ಬ್ರಿಟನ್ನಿನ ರಿವೆಂಜ್ ಪೋರ್ನ್ ಹೆಲ್ಪ್‌ಲೈನ್ 2021ರ ಡಿಸೆಂಬರಿನಲ್ಲಿ ಆರಂಭಿಸಿದ ಸ್ಟಾಪ್‌ಎನ್‌ಸಿಐಐ ಡಾಟ್ ಆರ್ಗ್ ಎಂಬ ತಾಣವನ್ನು ಯಾವ ದೇಶದವರು ಬೇಕಾದರೂ ಉಚಿತವಾಗಿ ಬಳಸಬಹುದು. ಅಲ್ಲಿ ನೀವು ಚಿತ್ರವನ್ನು ಆರಿಸಿದಾಗ ಅದು ನಿಮ್ಮ ಫೋನಿನೊಳಗೇ ಉಳಿಯುತ್ತದೆ. ಅದರಿಂದ ತಯಾರಾದ, ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೊರಗೆ ಹೋಗುತ್ತದೆ. ಆ ಸಂಕೇತದಿಂದ ಚಿತ್ರವನ್ನು ಮರಳಿ ಕಟ್ಟಲಾಗದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ರೆಡಿಟ್ ಮೊದಲಾದ ಸಹಭಾಗಿ ಸಂಸ್ಥೆಗಳು ತಮ್ಮಲ್ಲಿ ಯಾರಾದರೂ ಅದೇ ಚಿತ್ರವನ್ನು ಹಾಕಲು ಹೋದರೆ ಸಂಕೇತ ಹೊಂದಿಸಿ ತಡೆಯುತ್ತವೆ. ಸಹಭಾಗಿಯಲ್ಲದ ತಾಣಗಳಿಗೆ ಇದು ಅನ್ವಯಿಸುವುದಿಲ್ಲ, ಚಿತ್ರವನ್ನು ಬಹಳ ಮಾರ್ಪಡಿಸಿದರೆ ಕೈತಪ್ಪಲೂಬಹುದು. ಆದರೂ ಮೊದಲ ದಿನವೇ ಮಾಡಿಡಬೇಕಾದ ಕೆಲಸ ಇದು.

ಗೂಗಲ್ ಮತ್ತಿತರ ಹುಡುಕು ತಾಣಗಳಲ್ಲಿ ನಿಮ್ಮ ಹೆಸರಿಗೆ ಚಿತ್ರ ಬರುತ್ತಿದ್ದರೆ ಅವುಗಳಿಗೆ ಪ್ರತ್ಯೇಕ ಅರ್ಜಿ ಕೊಡಬೇಕು. ಹುಡುಕಾಟದಿಂದ ಅಳಿಸಿದರೂ ಮೂಲ ಪುಟ ಉಳಿದೇ ಇರುತ್ತದೆ, ಅಲ್ಲಿಗೆ ಹೋಗುವ ದಾರಿ ಮುಚ್ಚುತ್ತದೆ ಅಷ್ಟೆ. ದೆಹಲಿ ಹೈಕೋರ್ಟ್ 2021 ಮತ್ತು 2023ರ ಎರಡು ತೀರ್ಪುಗಳಲ್ಲಿ ಹುಡುಕು ತಾಣಗಳ ಹೊಣೆಯನ್ನು ವಿವರವಾಗಿ ಹೇಳಿದೆ. ಅದೇ ಚಿತ್ರ ಮತ್ತೆ ಮತ್ತೆ ಮೇಲೆ ಬಂದಾಗಲೆಲ್ಲ ನೊಂದವಳೇ ಹೊಸ ಹೊಸ ಲಿಂಕ್ ಹುಡುಕಿ ಕೊಡಬೇಕೆಂದು ಬಯಸುವುದು ಸರಿಯಲ್ಲ ಎಂಬುದು 2023ರ ತೀರ್ಪಿನ ಸಾರ. ಆ ಮೊಕದ್ದಮೆಗಳಲ್ಲಿ ಅರ್ಜಿದಾರಳ ಹೆಸರು ‘ಎಕ್ಸ್’ ಎಂದಷ್ಟೇ ಇದೆ. ಹೆಸರು ಹೊರಬೀಳುವ ಭಯದಿಂದ ಹಿಂಜರಿಯುವವರು ಇದನ್ನು ಗಮನಿಸಲಿ: ಗುರುತು ಮರೆಮಾಡುವಂತೆ ನ್ಯಾಯಾಲಯವನ್ನು ಕೋರಬಹುದು.

ಮೂರನೆಯ ಹೆಜ್ಜೆ: ದೂರು

ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಆದ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ಮೇಲಿನ ಅಪರಾಧಗಳಿಗೆ ಪ್ರತ್ಯೇಕ ವಿಭಾಗವಿದೆ. ಅಲ್ಲಿ ಹೆಸರು ಹೇಳದೆಯೂ ಮಾಹಿತಿ ಕೊಡಬಹುದು, ಆದರೆ ಪ್ರಕರಣ ಮುಂದುವರಿಯಬೇಕೆಂದಿದ್ದರೆ ಹೆಸರಿನೊಂದಿಗೆ ದೂರು ಕೊಟ್ಟು ಸ್ವೀಕೃತಿ ಸಂಖ್ಯೆಯನ್ನು ಪಡೆಯುವುದು ಒಳ್ಳೆಯದು. ಸಹಾಯವಾಣಿ 1930. ಮಹಿಳೆಯರಿಗೆ 181, ಜೀವಭಯ ಅಥವಾ ಕೂಡಲೇ ನೆರವು ಬೇಕಾದಾಗ 112.

ಠಾಣೆಗೆ ಹೋಗುವವರು ನೆನಪಿಡಬೇಕಾದ ಕೆಲವು ಹಕ್ಕುಗಳಿವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಿ ಬೇಕಾದರೂ ಮಾಹಿತಿ ಕೊಡಬಹುದು. ಇದನ್ನೇ ಜನ ಶೂನ್ಯ ಎಫ್ಐಆರ್ ಎನ್ನುತ್ತಾರೆ. ‘ಇದು ನಮ್ಮ ಸರಹದ್ದಿಗೆ ಬರೋದಿಲ್ಲ’ ಎಂಬ ಉತ್ತರಕ್ಕೆ ಈಗ ಕಾನೂನಿನ ಬಲವಿಲ್ಲ. ವಿದ್ಯುನ್ಮಾನ ಮಾರ್ಗದಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಸೆಕ್ಷನ್ 77ರಂಥ ಅಪರಾಧದಲ್ಲಿ ನೊಂದ ಮಹಿಳೆಯ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಎಫ್ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ದಾಖಲಿಸಲು ನಿರಾಕರಿಸಿದರೆ ಲಿಖಿತ ದೂರನ್ನು ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು, ಅಲ್ಲಿಯೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ದೂರಿನಲ್ಲಿ ಚಿತ್ರವನ್ನು ವರ್ಣಿಸುತ್ತ ಕೂರಬೇಕಾಗಿಲ್ಲ. ಖಾಸಗಿ ಚಿತ್ರ ಎಂದು ಹೇಳಿ, ಅದು ಯಾರ ಬಳಿ ಇತ್ತು, ಯಾವ ದಿನ ಎಲ್ಲಿ ಕಂಡಿತು, ಹಂಚಲು ಒಪ್ಪಿಗೆ ಇರಲಿಲ್ಲ ಎಂಬುದನ್ನು ನೇರವಾಗಿ ಬರೆಯಿರಿ. ದಾಖಲೆಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಮುಚ್ಚಿದ ಲಕೋಟೆಯಲ್ಲಿ ಕೊಡಿ, ತನಿಖಾಧಿಕಾರಿಯ ಹೊರತು ಬೇರೆಯವರು ನೋಡದಂತೆ ಕೋರುವ ಒಂದು ಸಾಲನ್ನು ದೂರಿನಲ್ಲೇ ಸೇರಿಸಿ. ಠಾಣೆಯ ಮೇಜಿನ ಮೇಲೆ ಫೋನು ಕೈಯಿಂದ ಕೈಗೆ ಹೋಗುವ ದೃಶ್ಯ ಯಾರಿಗೂ ಬೇಡ. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ ಅಪರಾಧಗಳ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ನಡೆಸುವಂತಿಲ್ಲ, ಹಾಗಾಗಿ ಇನ್‌ಸ್ಪೆಕ್ಟರನ್ನೇ ಕಾಣಲು ಕೇಳಬಹುದು. ವಕೀಲರ ಖರ್ಚು ಭರಿಸಲಾಗದೆ ಹಿಂಜರಿಯಬೇಡಿ. ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100.

ಹಂಚಿದವರಿಗೆ ಏನು ಶಿಕ್ಷೆ

ಒಂದೇ ಕೃತ್ಯಕ್ಕೆ ಹಲವು ಸೆಕ್ಷನ್‌ಗಳು ಅನ್ವಯಿಸುತ್ತವೆ. ನ್ಯಾಯ ಸಂಹಿತೆಯ ಸೆಕ್ಷನ್ 77ರಲ್ಲಿ ಮೊದಲ ಸಲಕ್ಕೆ ಕನಿಷ್ಠ 1 ವರ್ಷ, ಗರಿಷ್ಠ 3 ವರ್ಷ ಜೈಲು ಮತ್ತು ದಂಡ. ಮತ್ತೆ ಅದನ್ನೇ ಮಾಡಿ ಶಿಕ್ಷೆಗೆ ಒಳಗಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ. ಈ ಸೆಕ್ಷನ್ ರಕ್ಷಿಸುವುದು ಮಹಿಳೆಯರನ್ನು ಮಾತ್ರ. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 66ಇ ಯಾವುದೇ ವ್ಯಕ್ತಿಯ ಖಾಸಗಿ ಅಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದನ್ನು, ಪ್ರಕಟಿಸುವುದನ್ನು, ರವಾನಿಸುವುದನ್ನು ಅಪರಾಧವೆನ್ನುತ್ತದೆ. ಪುರುಷರಾಗಲಿ, ಲೈಂಗಿಕ ಅಲ್ಪಸಂಖ್ಯಾತರಾಗಲಿ ಇದರ ಅಡಿಯಲ್ಲಿ ದೂರು ಕೊಡಬಹುದು. ಇದಕ್ಕೆ 3 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಲೈಂಗಿಕ ಕ್ರಿಯೆಯ ದೃಶ್ಯವಿದ್ದರೆ ಸೆಕ್ಷನ್ 67ಎ ಬರುತ್ತದೆ: ಮೊದಲ ಸಲ 5 ವರ್ಷದವರೆಗೆ, ಮತ್ತೆ ಮಾಡಿದರೆ 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಅವಳ ಹೆಸರಿನಲ್ಲಿ ನಕಲಿ ಖಾತೆ ತೆರೆದು ಹಾಕಿದ್ದರೆ ಗುರುತಿನ ಕಳವು ಮತ್ತು ಸೋಗು ಹಾಕಿ ವಂಚಿಸಿದ್ದಕ್ಕೆ ಸೆಕ್ಷನ್ 66ಸಿ, 66ಡಿ ಕೂಡ ಸೇರಬಹುದು.

ಇವೆಲ್ಲ ಕಾಗದದ ಮೇಲಿನ ಮಾತಷ್ಟೇ ಎನ್ನುವವರಿಗೆ ಒಂದು ತೀರ್ಪು ನೆನಪಿಸಬೇಕು. ಪಶ್ಚಿಮ ಬಂಗಾಳದ ತಮ್ಲುಕ್‌ನ ನ್ಯಾಯಾಲಯ 2018ರ ಮಾರ್ಚ್‌ನಲ್ಲಿ, ಸಂಬಂಧ ಮುರಿದ ಮೇಲೆ ಯುವತಿಯ ಖಾಸಗಿ ದೃಶ್ಯಗಳನ್ನು ಜಾಲತಾಣಕ್ಕೆ ಹಾಕಿದ ಯುವಕನಿಗೆ 5 ವರ್ಷ ಜೈಲು ವಿಧಿಸಿತು. ಪರಿಹಾರ ಕೊಡುವಾಗ ಆಕೆಯನ್ನು ಅತ್ಯಾಚಾರದ ಸಂತ್ರಸ್ತೆಯಂತೆ ಪರಿಗಣಿಸಬೇಕೆಂದೂ ಹೇಳಿತು. ಆ ನಿರ್ದೇಶನದಲ್ಲಿ ನ್ಯಾಯಾಲಯ ಹಾನಿಯನ್ನು ಅದರ ನಿಜವಾದ ಅಳತೆಯಲ್ಲಿ ಕಂಡಿದೆ ಎನ್ನುವುದು ನನ್ನ ಅನಿಸಿಕೆ.

ಹೊರದೇಶಗಳಲ್ಲಿರುವವರಿಗೂ ದಾರಿಗಳಿವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಕಾಯ್ದೆ ಇದನ್ನು ಅಪರಾಧವೆಂದಾಗ ನೋವುಂಟುಮಾಡುವ ಉದ್ದೇಶವಿತ್ತೆಂದು ಸಾಬೀತುಪಡಿಸಬೇಕಿತ್ತು. 2024ರ ಜನವರಿ 31ರಿಂದ ಜಾರಿಗೆ ಬಂದ ಹೊಸ ಕಾನೂನಿನ ಮೂಲ ಅಪರಾಧಕ್ಕೆ ಆ ಉದ್ದೇಶ ಬೇಕಿಲ್ಲ, ಒಪ್ಪಿಗೆ ಇತ್ತೇ ಎಂಬುದೇ ಮುಖ್ಯ ಪ್ರಶ್ನೆ. ಅಮೆರಿಕದಲ್ಲಿ 2025ರ ಮೇ 19ರಂದು ಸಹಿಯಾದ ಟೇಕ್ ಇಟ್ ಡೌನ್ ಕಾಯ್ದೆ ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ ನಕಲಿ ಚಿತ್ರಗಳನ್ನೂ ಒಳಗೊಂಡಿದೆ, ದೂರು ಬಂದ 48 ಗಂಟೆಯೊಳಗೆ ತೆಗೆಯುವ ಹೊಣೆಯನ್ನು ಜಾಲತಾಣಗಳ ಮೇಲೆ ಹೊರಿಸಿದೆ. ಆಸ್ಟ್ರೇಲಿಯಾದಲ್ಲಿ ಇಸೇಫ್ಟಿ ಕಮಿಷನರ್ ಎಂಬ ಸರ್ಕಾರಿ ಕಚೇರಿಗೇ ನೇರವಾಗಿ ದೂರು ಕೊಡಬಹುದು.

ಬೆದರಿಕೆ ಮಾತ್ರ ಬಂದಿದ್ದರೆ

ಚಿತ್ರ ಹೊರಬಿದ್ದಿಲ್ಲ, ‘ಹಣ ಕೊಡು, ಇಲ್ಲದಿದ್ದರೆ ಹಾಕುತ್ತೇನೆ’, ‘ಮತ್ತೆ ಬಾ, ಇಲ್ಲದಿದ್ದರೆ ನಿನ್ನ ಅಪ್ಪನಿಗೆ ಕಳಿಸುತ್ತೇನೆ’ ಎಂಬ ಮಾತು ಬಂದಿದೆ ಎಂದುಕೊಳ್ಳಿ. ಇದೂ ಅಪರಾಧವೇ, ಕೆಲವೊಮ್ಮೆ ಹಂಚಿದ್ದಕ್ಕಿಂತ ಹೆಚ್ಚಿನ ಶಿಕ್ಷೆಯದು. ಸುಲಿಗೆಗೆ ನ್ಯಾಯ ಸಂಹಿತೆಯ ಸೆಕ್ಷನ್ 308ರಡಿ 7 ವರ್ಷದವರೆಗೆ ಜೈಲು ಇದೆ, ಮಹಿಳೆಯ ಶೀಲದ ಮೇಲೆ ಆರೋಪ ಹೊರಿಸುವ ಬೆದರಿಕೆಗೆ ಸೆಕ್ಷನ್ 351ರಡಿ ಅಷ್ಟೇ ಶಿಕ್ಷೆ ಇದೆ. ಅಪರಿಚಿತರ ವಿಡಿಯೊ ಕರೆಗೆ ಸಿಕ್ಕಿಬಿದ್ದು ಹಣಕ್ಕಾಗಿ ಪೀಡನೆಗೆ ಒಳಗಾಗುವವರಲ್ಲಿ ಪುರುಷರು ಬಹಳ ಇದ್ದಾರೆ. ನಾಚಿಕೆಯಿಂದ ಅವರು ಯಾರಿಗೂ ಹೇಳುವುದಿಲ್ಲ, ಪೀಡಿಸುವವರು ನೆಚ್ಚಿಕೊಂಡಿರುವುದೂ ಅದನ್ನೇ.

ಹಣ ಕೊಡಬೇಡಿ. ಒಮ್ಮೆ ಕೊಟ್ಟವರು ಕೊಡಬಲ್ಲರು ಎಂದು ಗೊತ್ತಾದ ಮೇಲೆ ಬೇಡಿಕೆ ಏರುತ್ತದೆಯೇ ಹೊರತು ನಿಲ್ಲುವುದಿಲ್ಲ. ಆಗಲೇ ಕೊಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಸಂದೇಶಗಳನ್ನು ದಾಖಲಿಸಿ, ಉತ್ತರಿಸುವುದನ್ನು ನಿಲ್ಲಿಸಿ, ನಿಮ್ಮ ಖಾತೆಗಳಲ್ಲಿ ಸ್ನೇಹಿತರ ಪಟ್ಟಿ ಹೊರಗಿನವರಿಗೆ ಕಾಣದಂತೆ ಮಾಡಿ, ಅನಂತರ ಆ ಸಂಖ್ಯೆಯನ್ನು ಬ್ಲಾಕ್ ಮಾಡಿ. ಬೆದರಿಸುತ್ತಿರುವುದು ಗಂಡನೇ ಆದರೆ, ಮದುವೆ ಅವನಿಗೆ ಇಂಥ ಯಾವ ಪರವಾನಗಿಯನ್ನೂ ಕೊಟ್ಟಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಂಡತಿಯ ಘನತೆಗೆ ಕುಂದು ತರುವ ಲೈಂಗಿಕ ವರ್ತನೆಯನ್ನು ದೌರ್ಜನ್ಯವೆಂದೇ ಎಣಿಸುತ್ತದೆ, ಮ್ಯಾಜಿಸ್ಟ್ರೇಟರಿಂದ ರಕ್ಷಣಾ ಆದೇಶ ಪಡೆಯಬಹುದು.

ಚಿತ್ರದಲ್ಲಿರುವವರು 18 ವರ್ಷದೊಳಗಿನವರಾದರೆ

ಇಲ್ಲಿ ನಿಯಮವೇ ಬದಲಾಗುತ್ತದೆ. ಮಗುವಿನ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 67ಬಿ ಮತ್ತು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಗಳ ಅಡಿಯಲ್ಲಿ ಹಂಚುವುದರ ಜೊತೆಗೆ ಇಂಥ ದೃಶ್ಯವನ್ನು ಹುಡುಕಿ ನೋಡುವುದು, ಇಳಿಸಿಕೊಳ್ಳುವುದು, ಇಟ್ಟುಕೊಳ್ಳುವುದು ಕೂಡ ಶಿಕ್ಷಾರ್ಹ. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೊಮ್ಮೆ ಗಟ್ಟಿಮಾಡಿ ಹೇಳಿತು. ಆದ್ದರಿಂದ ಮೊದಲ ಹೆಜ್ಜೆಯಲ್ಲಿ ಹೇಳಿದ್ದು ಇಲ್ಲಿ ಅನ್ವಯಿಸುವುದಿಲ್ಲ: ಚಿತ್ರದ ಪ್ರತಿ ತೆಗೆದಿಟ್ಟುಕೊಳ್ಳಬೇಡಿ, ‘ನೋಡಿ ಹೀಗೆ ಬಂದಿದೆ’ ಎಂದು ಶಿಕ್ಷಕರಿಗೋ ಸಂಬಂಧಿಕರಿಗೋ ಕಳಿಸಲೇಬೇಡಿ. ಲಿಂಕ್, ಖಾತೆಯ ಹೆಸರು, ಸಮಯವನ್ನು ಬರೆದುಕೊಂಡು ನೇರವಾಗಿ ಪೊಲೀಸರಿಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಪೋಕ್ಸೊ ಅಪರಾಧ ಗೊತ್ತಾದವರು ಅದನ್ನು ವರದಿ ಮಾಡಲೇಬೇಕೆಂದು ಸೆಕ್ಷನ್ 19 ಹೇಳುತ್ತದೆ. ಮಕ್ಕಳ ಚಿತ್ರ ತೆಗೆಸಲು ಅಮೆರಿಕದ ಕಾಣೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರದ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆ ಇದೆ (ಮೇಲೆ ಹೇಳಿದ ಅದೇ ಹೆಸರಿನ ಕಾಯ್ದೆ ಬೇರೆ). ಅದೂ ಸಂಕೇತದ ಮೂಲಕವೇ ಕೆಲಸ ಮಾಡುತ್ತದೆ.

ಮನೆಯವರಿಗೆ

ಈ ಅಪರಾಧದ ಹಾನಿಯನ್ನು ಹೊರಗಿನವರು ಸಾಮಾನ್ಯವಾಗಿ ‘ಮಾನ ಹೋಯಿತು’ ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನೊಂದವರ ದಿನಚರಿಯಲ್ಲಿ ಅದು ಬೇರೆಯದೇ ರೂಪದಲ್ಲಿರುತ್ತದೆ. ಬಸ್ಸಿನಲ್ಲಿ ಯಾರಾದರೂ ಫೋನ್ ನೋಡಿ ನಕ್ಕರೆ ತನ್ನನ್ನೇ ನೋಡಿ ನಕ್ಕಂತೆ ಅನಿಸುತ್ತದೆ. ಹೊಸ ಸಂಖ್ಯೆಯಿಂದ ಕರೆ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಕೆಲಸದ ಸಂದರ್ಶನಕ್ಕೆ ಹೋಗುವ ಮುನ್ನ ತನ್ನ ಹೆಸರನ್ನು ತಾನೇ ಹುಡುಕಿ ನೋಡುವ ಅಭ್ಯಾಸ ಅಂಟಿಕೊಳ್ಳುತ್ತದೆ. ಮೈಮೇಲಿನ ಗಾಯ ಒಮ್ಮೆ ಆಗಿ ಮಾಯುತ್ತದೆ, ಇಲ್ಲಿ ಯಾರೋ ಹೊಸಬರು ನೋಡಿದಾಗಲೆಲ್ಲ ಅದು ಮತ್ತೆ ಹೊಸದಾಗಿ ಆಗುತ್ತದೆ. ನಿದ್ದೆ ಕೆಡುತ್ತದೆ, ಓದು ನಿಲ್ಲುತ್ತದೆ, ಬದುಕೇ ಬೇಡವೆನಿಸುವ ಆಲೋಚನೆಗಳೂ ಬರುತ್ತವೆ. ಅಂಥ ಆಲೋಚನೆಯ ಸುಳಿವು ಸಿಕ್ಕರೆ ಅವರನ್ನು ಒಬ್ಬರನ್ನೇ ಬಿಡಬೇಡಿ. ಮಾನಸಿಕ ಆರೋಗ್ಯಕ್ಕಾಗಿ ಇರುವ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಇದೆ, ಕನ್ನಡದಲ್ಲೂ ಮಾತಾಡಬಹುದು.

ಮಗಳು ಅಥವಾ ಮಗ ಬಂದು ಹೇಳಿದಾಗ ನಮ್ಮ ಬಾಯಿಗೆ ಬರುವ ಮೊದಲ ಪ್ರಶ್ನೆ ‘ಯಾಕೆ ಕಳಿಸಿದೆ?’ ಎಂಬುದು. ಆ ಪ್ರಶ್ನೆಯನ್ನು ಅವರು ತಮಗೆ ತಾವೇ ಸಾವಿರ ಸಲ ಕೇಳಿಕೊಂಡು ಬಂದಿರುತ್ತಾರೆ. ನಾನು ಬಲ್ಲ ತಾಯಿಯೊಬ್ಬರು ಆ ಹೊತ್ತಿನಲ್ಲಿ ಹೇಳಿದ ಮಾತು ಇಷ್ಟೇ: ‘ಅಳಬೇಡ ಮಗಾ, ಎಲ್ಲೆಲ್ಲಿ ಹಾಕಿದ್ದಾನೆ ಹೇಳು, ಬರ್ಕೊಳ್ತೀನಿ.’ ಕಾಗದ, ಪೆನ್ನು ತಂದು ಪಕ್ಕದಲ್ಲಿ ಕೂತರು. ಆ ರಾತ್ರಿ ಅವರು ಬರೆದ ಪಟ್ಟಿಯೇ ಮರುದಿನ ಠಾಣೆಗೆ ಕೊಟ್ಟ ದೂರಿನ ಮೊದಲ ಪುಟವಾಯಿತು. ಫೋನ್ ಕಿತ್ತುಕೊಳ್ಳುವುದು, ಕಾಲೇಜು ಬಿಡಿಸುವುದು, ಅವಸರದಲ್ಲಿ ಮದುವೆ ಮಾಡಿಬಿಡುವುದು, ‘ನಾಲ್ಕು ಜನಕ್ಕೆ ಗೊತ್ತಾಗದಂತೆ’ ಹುಡುಗನ ಮನೆಯವರೊಂದಿಗೆ ರಾಜಿ ಮಾಡಿಕೊಳ್ಳುವುದು, ಇವೆಲ್ಲ ಅಪರಾಧಿಯ ಪಾಲಿನ ಶಿಕ್ಷೆಯನ್ನು ನೊಂದವಳ ತಲೆಗೆ ಕಟ್ಟುವ ಕೆಲಸಗಳು.

ನಿಮ್ಮ ಫೋನಿಗೆ ಬಂದಿದ್ದರೆ

ಗುಂಪಿನಲ್ಲಿ ಇಂಥ ಚಿತ್ರ ಬಂದಾಗ ಸುಮ್ಮನೆ ನೋಡಿ ಮುಂದೆ ಕಳಿಸುವವರು ‘ನಾನೇನು ತೆಗೆದಿದ್ದಲ್ಲ’ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಕಾನೂನಿನ ಪದ ‘ರವಾನಿಸುವುದು’. ತೆಗೆದವನೂ ರವಾನಿಸಿದವನೂ ಅದರ ವ್ಯಾಪ್ತಿಯಲ್ಲೇ ಬರುತ್ತಾರೆ. ಎಲ್ಲರಿಗೂ ಅಳಿಸು ಎಂಬ ಗುಂಡಿ ಒತ್ತಿದ ಮಾತ್ರಕ್ಕೆ ಕಳಿಸಿದ್ದು ಕಳಿಸದಂತೆ ಆಗುವುದಿಲ್ಲ. ಮುಂದೆ ಕಳಿಸಬೇಡಿ, ಹಾಕಿದವರಿಗೆ ತೆಗೆಯಲು ಹೇಳಿ, ಗುಂಪಿನ ಅಡ್ಮಿನ್‌ಗೆ ತಿಳಿಸಿ, ರಿಪೋರ್ಟ್ ಮಾಡಿ. ಚಿತ್ರದಲ್ಲಿರುವವರು ನಿಮಗೆ ಗೊತ್ತಿದ್ದರೆ ಅವರಿಗೆ ಚಿತ್ರವನ್ನು ಕಳಿಸದೆ, ಎಲ್ಲಿ ಯಾರು ಹಾಕಿದ್ದಾರೆಂಬುದನ್ನಷ್ಟೇ ಮೃದುವಾಗಿ ಹೇಳಿ, ಬೇಕಾದರೆ ಸಾಕ್ಷಿ ಹೇಳುತ್ತೇನೆಂದು ಭರವಸೆ ಕೊಡಿ. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ತಾನಾಗಿ ಅಪರಾಧಿಯಾಗುವುದಿಲ್ಲ ಎಂದು ಬಾಂಬೆ ಮತ್ತು ಕೇರಳ ಹೈಕೋರ್ಟ್‌ಗಳು ಹೇಳಿವೆ. ಆದರೂ ನೋಡಿಯೂ ತೆಗೆಯದೆ ಬಿಡುವ ಅಡ್ಮಿನ್ ಆ ಕೆಟ್ಟ ಕೆಲಸಕ್ಕೆ ಜಾಗ ಕೊಟ್ಟಂತೆಯೇ.

ಸಿಟ್ಟಿನಲ್ಲಿ ನೀವೇ ಹಂಚಿದ್ದರೆ ಈ ಕ್ಷಣವೇ ಹಾಕಿದ ಕಡೆಯಿಂದೆಲ್ಲ ತೆಗೆಯಿರಿ, ಯಾರಿಗೆ ಕಳಿಸಿದ್ದೀರೋ ಅವರೆಲ್ಲರಿಗೂ ಅಳಿಸಲು ಹೇಳಿ, ಯಾರಿಗೆಲ್ಲ ಹೋಗಿದೆ ಎಂಬುದನ್ನು ಮುಚ್ಚಿಡಬೇಡಿ, ವಕೀಲರನ್ನು ಕಾಣಿ. ಕ್ಷಮೆ ಕೇಳುವ ನೆಪದಲ್ಲಿ ಅವರ ಮನೆಬಾಗಿಲಿಗೆ ಹೋಗಬೇಡಿ, ಮತ್ತೆ ಮತ್ತೆ ಕರೆ ಮಾಡಬೇಡಿ. ಅದು ಅವರಿಗೆ ಇನ್ನೊಂದು ಭಯ.

ಮುಂದಿನ ತಿಂಗಳುಗಳು

ದೂರು ದಾಖಲಾದ ಮೇಲೆ ಒಂದು ಕಡತ ಮಾಡಿ: ಎಫ್ಐಆರ್ ಪ್ರತಿ, ಪೋರ್ಟಲಿನ ಸ್ವೀಕೃತಿ ಸಂಖ್ಯೆ, ಜಾಲತಾಣಗಳಿಗೆ ಕಳಿಸಿದ ಇಮೇಲ್‌ಗಳು, ಅವುಗಳ ಉತ್ತರ, ಸಂಕೇತ ಸಲ್ಲಿಸಿದಾಗ ಸಿಕ್ಕ ಪ್ರಕರಣ ಸಂಖ್ಯೆ. ಎಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಭದ್ರತೆ ಹಾಕಿ, ಹಿಂದೆ ಇಬ್ಬರೂ ಬಳಸುತ್ತಿದ್ದ ಕ್ಲೌಡ್ ಖಾತೆಯೇನಾದರೂ ಇದ್ದರೆ ಅದರಿಂದ ಅವರ ಸಾಧನವನ್ನು ಹೊರಹಾಕಿ. ತಿಂಗಳಿಗೊಮ್ಮೆ ಹುಡುಕಿ ನೋಡುವ ಕೆಲಸವನ್ನು ನೀವೇ ಮಾಡಬೇಕಾಗಿಲ್ಲ, ನಂಬಿಕೆಯ ಒಬ್ಬರಿಗೆ ಒಪ್ಪಿಸಿ, ಏನಾದರೂ ಕಂಡರೆ ಮಾತ್ರ ಹೇಳಲು ತಿಳಿಸಿ. ಚಿತ್ರ ಮತ್ತೆ ಎಲ್ಲಾದರೂ ಕಾಣಿಸಬಹುದು. ಆಗ ಕಡತ ತೆರೆದು, ಹಳೆಯ ಇಮೇಲಿನಲ್ಲಿ ಲಿಂಕ್ ಒಂದನ್ನು ಬದಲಿಸಿ ಕಳಿಸಿ, ಅದೇ ಎಫ್ಐಆರ್ ಸಂಖ್ಯೆಯೊಂದಿಗೆ ತನಿಖಾಧಿಕಾರಿಗೆ ಒಂದು ಪ್ರತಿ ಕೊಟ್ಟರಾಯಿತು. ಮೊದಲ ಸಲ ಇಡೀ ರಾತ್ರಿ ಹಿಡಿದ ಕೆಲಸ ಎರಡನೆಯ ಸಲ ಹತ್ತು ನಿಮಿಷದಲ್ಲಿ ಮುಗಿಯುತ್ತದೆ.